ಹೊನಗೊನೆ ಸೊಪ್ಪಿನ ವಿಚಾರ

ಕಾಲೇಜಿನ ಮಾಲವಿಕಾ ಮೇಡಂ ಅವರಿಗೆ ದೇವೀರಮ್ಮನ ನಮಸ್ಕಾರ.

ಇವತ್ತು ಸೋಮವಾರ, ಉಪವಾಸ. ಬಾಗಿಲಿಗೆ ನೀರು ಹಾಕಿ, ಬಾಣಂತಿ ಮಗಳಿಗೂ ಕೂಸಿಗೂ ಎರೆದು ಬರೆಯಲು ಕೂತಿದ್ದೇನೆ.

ನನ್ನ ತವರೂರಿನ ಹಳೇ ಗಣಿ ಪಕ್ಕದ ಕೆರೆಯಲ್ಲಿ ನೀವು ಗಿಡ ನೆಡಿಸಿ, ‘ಈ ಗಿಡಗಳು ನೀರಿನ ವಿಷ ಹೀರುತ್ತವೆ’ ಎಂದು ಬೋರ್ಡು ಹಾಕಿಸಿದ್ದೀರಿ. ಆ ಗಿಡಗಳಲ್ಲಿ ಹೊನಗೊನೆ ಸೊಪ್ಪೂ ಇತ್ತು. ವಿಷವನ್ನೇ ತೆಗೆಯುವ ಸೊಪ್ಪು ಎಂದರೆ ಔಷಧಿಯೇ ಇರಬೇಕು ಎಂದುಕೊಂಡೆ. ಬಾಣಂತಿಗೆ ಹಾಲು ಹೆಚ್ಚಲಿ ಎಂದು ಎರಡು ತಿಂಗಳಿಂದ ವಾರವಾರವೂ ಬಸ್ಸಿನಲ್ಲಿ ಹೋಗಿ ಕೊಯ್ದು ತಂದು, ಬೇಯಿಸಿ ಬಡಿಸಿದೆ.

ಮೊನ್ನೆ ಕೆರೆಯಲ್ಲಿ ನಾನು ಕೊಯ್ಯುವುದನ್ನು ನಿಮ್ಮ ವಿದ್ಯಾರ್ಥಿನಿ ನೋಡಿ, “ಹೀರಿದ ವಿಷ ಎಲ್ಲಾ ಎಲೇಲೇ ಇರುತ್ತೆ ಕಣಮ್ಮ, ತಿನ್ನಬಾರ್ದು” ಎಂದಳು.

“ದನಕ್ಕೆ ಕಣವ್ವ” ಎಂದೆ.

“ದನಕ್ಕೂ ಹಾಕ್ಬೇಡಿ” ಎಂದಳು.

ಬೋರ್ಡನ್ನು ಮತ್ತೆ ಎರಡು ಸಲ ಓದಿದೆ. ತಿನ್ನಬಾರದು ಎಂದು ಅದರಲ್ಲಿ ಇಲ್ಲ ಮೇಡಂ.

ಮಗಳಿಗೆ ಇನ್ನೂ ಹೇಳಿಲ್ಲ. ನಿನ್ನೆ ಅವಳೇ, “ಸೊಪ್ಪು ಯಾಕಮ್ಮ ತರ್ಲಿಲ್ಲ? ಅದು ತಿಂದ್ರೆ ಹಾಲು ಚೆನ್ನಾಗಿ ಬರುತ್ತೆ ಕಣಮ್ಮ” ಎಂದಳು. ಬಸ್ಸು ತಪ್ಪಿಹೋಯಿತು ಎಂದೆ.

ಕೂಸು ಅತ್ತಾಗಲೆಲ್ಲ ಎತ್ತಿ ಅವಳ ಮಡಿಲಿಗೆ ಹಾಕುವವಳು ನಾನೇ. ಆ ಹಾಲು ಕುಡಿಸಬಹುದೋ ಬಾರದೋ, ಆಸ್ಪತ್ರೆಯಲ್ಲಿ ಏನೆಂದು ಹೇಳಿ ಪರೀಕ್ಷೆ ಮಾಡಿಸಬೇಕು, ಅಷ್ಟು ಬರೆಯಿರಿ. ಬಯ್ಯುವುದಿದ್ದರೆ ಆಮೇಲೆ ಬಯ್ಯಿರಿ. ಅಂಚೆಗೆ ಹಾಕಬೇಡಿ, ಮಗಳು ಒಡೆದು ಓದುತ್ತಾಳೆ. ಈ ಕಾಗದ ತಂದಿರುವ ಪಕ್ಕದ ಮನೆ ಚೂಡಾಮಣಿಯವರಿಗೆ ಕಾಯಲು ಹೇಳಿದ್ದೇನೆ. ಎಷ್ಟು ಹೊತ್ತಾದರೂ ಸರಿ, ಉತ್ತರವನ್ನು ಅವರ ಕೈಯಲ್ಲೇ ಕಳಿಸಿಕೊಡಿ.

ಇಂತಿ,
ದೇವೀರಮ್ಮ
ಶ್ರೀರಾಂಪುರ, ಮೈಸೂರು