ಅಕ್ಕ ಕೊಟ್ಟ ಮಜ್ಜೆ

ಸೋಮವಾರ, ಮಾರ್ಚ್ ೯

ಡ್ರೈವರ್ ಅಕ್ಕನಿಗೆ,

ಫೋನಿನಲ್ಲಿ ಹೇಳಿದರೆ ನೀನು ನಕ್ಕು ಮಾತು ಹಾರಿಸಿಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಬಯ್ಯಿ.

ನಿನ್ನ ಮೂಳೆಮಜ್ಜೆ ತಮ್ಮನ ಕಸಿಗೆ ಸರಿಹೊಂದುತ್ತದೆ ಎಂದು ತಿಳಿದ ದಿನ ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ಬಸ್ಸಿನ ಹಾರ್ನಿನ ಹಾಗೆ ಕೂಗಿದ್ದೆ. ಅದೇ ವಾರ ನಾನು ನಿನ್ನ ಬೆನ್ನು ಬಿದ್ದೆ. ಒಂದು ಕ್ಯಾನ್ಸರ್ ಔಷಧಿ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಆಕರಕೋಶಗಳನ್ನು ಹೇಗೆ ಬೇಗ ಮುದಿಯಾಗಿಸುತ್ತದೆ ಎಂದು ನೋಡುವುದು ನಮ್ಮ ಪ್ರಯೋಗಾಲಯದ ಕೆಲಸ. ಹೋಲಿಸಲು ಆ ಔಷಧಿ ಸೋಕದವರ ಮಜ್ಜೆ ಬೇಕು. ಹೇಗೂ ತಮ್ಮನಿಗೆ ಕೊಡುವವಳು, ನನಗೂ ಒಂದು ಚಮಚ ಕೊಡು ಎಂದು ಗೋಗರೆದೆ. ನೀನು ಬೇಕೇ ಬೇಕಾ ಎಂದು ಎರಡು ಸಲ ಕೇಳಿ, ಆಯ್ತು ತಗೋ ಎಂದೆ. ಸೂಜಿಗೆ ಹೆದರಿದೆ ಅಂದುಕೊಂಡೆ.

ಔಷಧಿ ಸೋಕದ ಮಜ್ಜೆಯಾದರೆ ಎರಡು ವಾರದಲ್ಲಿ ಗಾಜಿನ ತಟ್ಟೆಯ ತುಂಬ ಕೋಶಗಳು ಗುಂಪುಗುಂಪಾಗಿ ಬೆಳೆಯುತ್ತವೆ. ನಿನ್ನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು. ಚಿಕಿತ್ಸೆ ಪಡೆದವರ ತಟ್ಟೆಯ ಜೊತೆ ಅದಲುಬದಲು ಮಾಡಿಬಿಟ್ಟೆನೆಂದು ನನ್ನ ತಲೆಗೆ ನಾನೇ ಮೊಟಕಿಕೊಂಡೆ. ನಮ್ಮ ಮೇಲಿನವರು ಕಣ್ಣು ತೋರಿಸಿಕೋ ಎಂದರು. ಉಳಿದಿದ್ದ ಮಜ್ಜೆ ತೆಗೆದು ಮತ್ತೆ ಹಾಕಿದೆ. ಅದೇ ಬಂತು. ಕೋಶಗಳ ಮುಪ್ಪು ತೋರಿಸುವ ಬಣ್ಣ ಹಾಕಿ ನೋಡಿದೆ. ನಲವತ್ತೊಂದರ ನಿನ್ನ ಮಜ್ಜೆ ಎಪ್ಪತ್ತು ದಾಟಿದವರ ಮಜ್ಜೆಯ ಹಾಗಿತ್ತು.

ಆಗ ನೆನಪಾಯಿತು. ಆರು ವರ್ಷದ ಹಿಂದೆ ದೂರದ ಡಿಪೋಗೆ ವರ್ಗವಾಯಿತೆಂದು ಹೋದವಳು ಬೋಳುತಲೆಯಲ್ಲಿ ಮರಳಿದೆ. ಪ್ರಯಾಣಿಕರಿಂದ ಹೇನು ಹತ್ತಿತು, ಬೋಳಿಸಿಬಿಟ್ಟೆ ಎಂದು ನೀನೇ ಹೇಳಿದೆ. ನಾವು ವಾರಗಟ್ಟಲೆ ಆಡಿಕೊಂಡೆವು. ಕ್ಯಾನ್ಸರ್ ಎಂದು ಗೊತ್ತಾದರೆ ಸ್ಟಿಯರಿಂಗ್ ಕಿತ್ತುಕೊಳ್ಳುತ್ತಾರೆಂಬ ಭಯಕ್ಕೆ ಬಾಯಿ ಬಿಡಲಿಲ್ಲ, ಅಲ್ಲವೇ? ಅದು ನಿನ್ನಿಷ್ಟ. ಆದರೆ ಈಗ ತಮ್ಮನ ವೈದ್ಯರ ಹತ್ತಿರವೂ ಮುಚ್ಚಿಟ್ಟಿದ್ದೀ.

ನಿನ್ನ ರಕ್ತಪರೀಕ್ಷೆ ಚೆನ್ನಾಗಿಯೇ ಬಂದಿದೆ, ಒಪ್ಪುತ್ತೇನೆ. ಆ ಔಷಧಿ ರಕ್ತವನ್ನು ಬರಿದು ಮಾಡಿದಾಗಲೆಲ್ಲ ಮಲಗಿದ್ದ ಆಕರಕೋಶಗಳು ಎದ್ದು ದುಡಿದವು, ದುಡಿದೂ ದುಡಿದೂ ಸೋತವು. ನಿನ್ನ ದಿನದ ಸಂಸಾರ ತೂಗಿಸುವಷ್ಟು ತ್ರಾಣ ಅವಕ್ಕಿದೆ. ಇನ್ನೊಬ್ಬರ ಮೂಳೆಯಲ್ಲಿ ಹೊಸದಾಗಿ ಸಂಸಾರ ಹೂಡುವಷ್ಟಿಲ್ಲ. ಕಸಿಗೆ ಮೊದಲು ತಮ್ಮನ ಸ್ವಂತ ಮಜ್ಜೆಯನ್ನು ಪೂರ್ತಿ ಖಾಲಿ ಮಾಡುತ್ತಾರೆ. ನಿನ್ನದು ಹಿಡಿಯದಿದ್ದರೆ ಅವನಿಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವನು ಸಾಯುತ್ತಾನೆ ಅಕ್ಕ.

ಗುರುವಾರ ಖಾಲಿ ಮಾಡುವ ಔಷಧಿ ಶುರು. ಬುಧವಾರ ಸಂಜೆಯೊಳಗೆ ನೀನೇ ವೈದ್ಯರಿಗೆ ಹೇಳು. ಹೇಳದಿದ್ದರೆ ನಾನು ಹೇಳುತ್ತೇನೆ. ನನ್ನ ಮಜ್ಜೆ ಅವನಿಗೆ ಅರ್ಧವೇ ಹೊಂದುತ್ತದೆ. ಅರ್ಧ ಹೊಂದಿದರೂ ಕಸಿ ಮಾಡುತ್ತಾರೆ, ತೊಡಕು ಜಾಸ್ತಿ, ಅಷ್ಟೆ.

ನಿನ್ನ ಮೇಲೆ ಸಿಟ್ಟಿದೆ. ಸುಳ್ಳು ಹೇಳಿದ್ದಕ್ಕಲ್ಲ. ಯಾರನ್ನೂ ಕರೆಯದೆ, ಒಬ್ಬಳೇ ಆ ಕುರ್ಚಿಯಲ್ಲಿ ಕೂತು ಡ್ರಿಪ್ ಹಾಕಿಸಿಕೊಂಡೆಯಲ್ಲ, ಅದಕ್ಕೆ.

ಇಂತಿ,
ಸದಾ ನಿನ್ನ ಹಿಂದೆ ಸುತ್ತುತ್ತಿದ್ದ
ನಿನ್ನ ಬಾಲ

ಇದೊಂದನ್ನು ಬರೆಯಬಾರದು ಎಂದುಕೊಂಡಿದ್ದೆ: ನಿನ್ನೆ ತಮ್ಮನ ಹಾಸಿಗೆಯ ಪಕ್ಕ ಕೂತು, ನಿನ್ನ ಸುದ್ದಿ ಎತ್ತದೆ, ದಣಿದ ಮಜ್ಜೆ ಕಸಿಗೆ ಆಗಿಬರುವುದಿಲ್ಲ ಎಂದೆ. ಹೇನಿನ ವಿಷಯ ನಿನಗೂ ಗೊತ್ತಾಯ್ತಾ ಎಂದ. ನೀನು ವರ್ಗವೆಂದು ಹೋಗಿದ್ದಾಗ ನಿನ್ನನ್ನು ನೋಡಲು ಡಿಪೋಗೆ ಹೋಗಿ, ಅಲ್ಲಿ ನೀನಿಲ್ಲದೆ ಆಸ್ಪತ್ರೆವರೆಗೂ ಹುಡುಕಿಕೊಂಡು ಬಂದಿದ್ದನಂತೆ. ಬಾಗಿಲ ಗಾಜಿನಿಂದ ನೋಡಿ, ನೀನಾಗಿ ಹೇಳುವವರೆಗೆ ಕೇಳಬಾರದೆಂದು ಹಾಗೇ ಹಿಂತಿರುಗಿದನಂತೆ. ಊಟದ ಹೊತ್ತಿಗೆ ನಾನು ಕೊರೆಯುತ್ತಿದ್ದ ಪ್ರಯೋಗದ ಮಾತನ್ನು ಈ ಮನೆಯಲ್ಲಿ ಕಿವಿಗೊಟ್ಟು ಕೇಳಿದವನು ಅವನೊಬ್ಬನೇ. ಹಾಗಾದರೆ ಈ ಮಜ್ಜೆ ಹಿಡಿಯುವುದು ಕಷ್ಟ ಅಂತ ಗೊತ್ತಿದ್ದೂ ಯಾಕೋ ಒಪ್ಪಿದೆ ಎಂದು ಕೇಳಿದೆ. ಅಕ್ಕ ಅಷ್ಟು ಆಸೆಯಿಂದ ಕೊಡ್ತಿದ್ದಾಳೆ, ಹೇಗೆ ಬೇಡ ಅನ್ನಲಿ ಎಂದ.