ತೊಳೆದು ಕಳಿಸಿದ ಕಾಳು

ಬಸವಕಲ್ಯಾಣ
9 ಫೆಬ್ರುವರಿ 2007

ಪ್ರೀತಿಯ ವಿದ್ಯಾ,

“ಕಡಲು ನುಂಗಿದ್ದನ್ನೆಲ್ಲ ದಂಡೆಗೆ ತಂದು ಒಪ್ಪಿಸುತ್ತದೆ.” ಏಳನೇ ತರಗತಿಯ ಪ್ರಬಂಧದಲ್ಲಿ ನೀನು ಬರೆದದ್ದು ಹೀಗೆಯೇ, ಅಥವಾ ‘ಬಚ್ಚಿಡುತ್ತದೆ’ ಎಂದಿತ್ತೇ? ಬೆಳಗಿನಿಂದ ನೆನಪಿಗೆ ಬಾರದು. ಆಗ ನಾವಿಬ್ಬರೂ ಕಡಲನ್ನು ಕಂಡವರೇ ಅಲ್ಲ. ಇರಲಿ, ನಿನ್ನ ಕೆಮ್ಮು ಹೇಗಿದೆ? ಹಡಗಿನಲ್ಲಿ ಹಿಡಿದ ತಲೆಸುತ್ತು ಬಿಟ್ಟಿತೇ? ಗೋವೆಯ ಪ್ರಯೋಗಾಲಯದಲ್ಲಿ ಕೂತು ಮಧ್ಯಾಹ್ನದ ಊಟ ತಪ್ಪಿಸಬೇಡ. ಅವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ದೀಪಾವಳಿ ರಜೆಯಲ್ಲಿ ನಾನು ಕಾಲೇಜಿನ ಹುಡುಗಿಯರನ್ನು ಕೊಂಕಣಕ್ಕೆ ಕರೆದೊಯ್ಯುವೆನೆಂದಾಗ ನೀನು ಎಷ್ಟು ಹಿಗ್ಗಿದ್ದೆ! ದಂಡೆಯ ಮರಳಿನಲ್ಲಿ ಸಿಗುವ ಸಣ್ಣ ಪ್ಲಾಸ್ಟಿಕ್ ಕಾಳುಗಳನ್ನು ಆರಿಸಿ ಕಳಿಸು ಎಂದೆ. ಹದಿನೇಳು ದೇಶಗಳ ಜನ ತಂತಮ್ಮ ದಂಡೆಯಿಂದ ಹೀಗೆ ಕಳಿಸುತ್ತಾರೆ, ಜಪಾನಿನ ಒಂದು ಪ್ರಯೋಗಾಲಯ ಎಲ್ಲವನ್ನೂ ಒಂದೇ ಬಗೆಯಲ್ಲಿ ಪರೀಕ್ಷಿಸುತ್ತದೆ, ಕಾಳು ಹೀರಿಕೊಂಡ ವಿಷ ನೋಡಿ ಯಾವ ಕಡಲು ಎಷ್ಟು ಕೆಟ್ಟಿದೆಯೆಂದು ತಿಳಿಯುತ್ತದೆ ಎಂದು ಫೋನಿನಲ್ಲಿ ಅರ್ಧ ಗಂಟೆ ಪಾಠ ಮಾಡಿದೆ. ನಾನು ಇನ್ನೂರು ಕಾಳು ಆರಿಸಿ ತಂದೆ.

ಪಡಸಾಲೆಯಲ್ಲಿ ಹರವಿದಾಗ ಅವ್ವ ಬಂದು ಕೂತಳು. ಇನ್ನೊಬ್ಬರ ಮನೆಗೆ ಕಾಳು ಕಳಿಸುವಾಗ ಹಸನು ಮಾಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ, ನಿನಗೆ ಗೊತ್ತಲ್ಲ. “ಜಪಾನದವರು ಬೀಗರಲ್ಲ ಖರೆ, ಬೀಗರಕಿಂತ ದೂರದವರು. ಉಸುಕು ಸಮೇತ ಕಳಿಸಿದ್ರ ನಮ್ಮ ಮನಿ ಮರ್ಯಾದಿ ಏನು ಉಳೀತದವಾ?” ಎಂದಳು. ನನಗೆ ನಗು ಬಂತು. ನಗುತ್ತಲೇ ಬಿಸಿನೀರಿಗೆ ಸೋಪಿನ ಪುಡಿ ಹಾಕಿದೆ. ಮೂರು ಸಲ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಹಳದಿಗಟ್ಟಿದ ಕಾಳನ್ನೆಲ್ಲ ಹುಳುಕು ತೆಗೆದಂತೆ ತೆಗೆದು ಎಸೆದೆ. ಹೆಚ್ಚು ವಿಷ ಹೀರಿರುವುದು ಆ ಹಳದಿ ಕಾಳುಗಳೇ ಎಂದು ಆಗ ತಿಳಿದಿರಲಿಲ್ಲ.

ಕಳೆದ ವಾರ ನೀನು ಫೋನ್ ಮಾಡಿ, ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಸ್ವಚ್ಛ ನಾನು ಕಾಳು ಆರಿಸಿದ ದಂಡೆಯೇ, ಟೋಕಿಯೋದ ಸಭೆಯಲ್ಲಿ ಅದನ್ನೇ ತೋರಿಸುವೆನೆಂದೆ. “ನಮ್ಮ ಅಕ್ಕ ಆರಿಸ್ಯಾಳ ಅಂತ ಎಲ್ಲಾರಿಗೂ ಹೇಳೀನಿ” ಎಂದೂ ಅಂದೆ. ಆಮೇಲೆ ಎರಡು ಸಲ ನಾನೇ ಫೋನ್ ಹಚ್ಚಿದೆ. ಎರಡು ಸಲವೂ ಊಟವಾಯಿತೇ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ನಾನು ಸೋಪು ಹಾಕಿ ತೊಳೆದ ಕಾಳನ್ನು ನಂಬಿ ಹದಿನೇಳು ದೇಶದವರು ಕಡಲಿನ ನಕಾಶೆ ಬರೆಯುತ್ತಾರೆ, ಕೆಳಗೆ ನಿನ್ನ ಹೆಸರಿರುತ್ತದೆ.

ಅವ್ವ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದ್ದಾಳೆ. ನನಗೆ ಆಶೀರ್ವಾದ ಎಂದು ಬರೆಯಲು ಇವತ್ತು ಕೈ ಏಳದು. ಸುಖವಾಗಿರು.

ನಿನ್ನ ಅಕ್ಕ,
ಅಮೃತ

ತಾ.ಕ.: ತಿಳಿಯದೆ ತೊಳೆದೆ, ಅದು ನಿಜ. ಆದರೆ ತಿಳಿಯದೆ ಕಳಿಸಲಿಲ್ಲ. ತೊಳೆಯಬಾರದು, ಬೇರ್ಪಡಿಸಬಾರದು ಎಂದು ನೀನು ಮೊದಲೇ ಕಳಿಸಿದ್ದ ಸೂಚನೆಯ ಕಾಗದವನ್ನು ಲಕೋಟೆ ಅಂಟಿಸುವ ಮುಂಚೆಯೇ ಓದಿದೆ. ಎಂ.ಎ. ಮಾಡಿದ ಅಕ್ಕನಿಗೆ ಇಷ್ಟೂ ತಿಳಿಯದೇ ಎಂದು ನೀನು ಅಂದೀಯೆಂದು ಅಂಜಿ, ಲಕೋಟೆಯ ಮೇಲೆ ‘ದಂಡೆಯಲ್ಲಿ ಸಿಕ್ಕ ಹಾಗೆಯೇ’ ಎಂದು ಬರೆದೆ. ಆ ದಂಡೆಯನ್ನು ಪಟ್ಟಿಯಿಂದ ಹೊಡೆದುಹಾಕು. ಕಾರಣ ಕೇಳಿದರೆ ನನ್ನ ಹೆಸರು ಹೇಳು. ನೀನು ಟೋಕಿಯೋಗೆ ಹೊರಡುವುದು ಹದಿನೈದಕ್ಕೆ; ಇಂದೇ ಹುಮನಾಬಾದಿನಿಂದ ಕೊರಿಯರ್ ಮಾಡಿದರೆ ಮುಟ್ಟುತ್ತದೆ. ಪಕ್ಕದ ಮನೆಯ ಸೈಫುದ್ದೀನ್ ಅಲ್ಲಿಗೆ ಹೊರಟವನು ಬಾಗಿಲಲ್ಲಿ ನಿಂತು ಅನ್ನುತ್ತಿದ್ದಾನೆ: “ಅಕ್ಕಾ, ನಿನ್ನೀನೂ ಹಿಂಗೇ ನಿಂದ್ರಿಸಿ ಬರಿಗೈಲೆ ಕಳಿಸಿದ್ರಿ. ಇವತ್ತ ಕೊಟ್ರ ಕೊಡ್ರಿ, ಇಲ್ಲಾಂದ್ರ ನನ್ನ ಮುಂದೇ ಹರೀರಿ. ನಾಳಿಗಿ ನಾ ಕೇಳಾಕ ಬರಂಗಿಲ್ಲ.”