ಕುಂಕುಮದಡಿಯ ನಕ್ಷೆ

ನೇಕಾರ ಓಣಿ, ಗುಳೇದಗುಡ್ಡ
ಫೆಬ್ರವರಿ ೩೦, ೨೧೮೬

ನನ್ನ ಮುತ್ತಜ್ಜಿಯ ಮುತ್ತಜ್ಜಿ ಕಾಶವ್ವ ಅವರಿಗೆ, ವೀರೇಶನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕ ಐದನ್ನು ಹಬ್ಬಕ್ಕೆ ಬಿಟ್ಟಿದ್ದೇವೆ; ಸಮಾನತೆ ಬಂದದ್ದು ಅದೊಂದರಲ್ಲೇ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಪತ್ರ ‘ಹಿಂಚೆ’ಯಲ್ಲಿ, ಅಂದರೆ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ, ತಲುಪುವ ಖಾತ್ರಿಯಿಲ್ಲ. ಹಳೆಯ ಸ್ಕೂಟರುಗಳ ಬ್ಯಾಟರಿ ಬಿಚ್ಚಿ ನೀವು ಓಣಿಗೆ ಕಟ್ಟಿಕೊಟ್ಟ ಪೆಟ್ಟಿಗೆಗೆ ನಾವು ‘ಹಗಲುಗಡಿಗೆ’ ಎನ್ನುತ್ತೇವೆ: ಹಗಲೆಲ್ಲ ಬಿಸಿಲು ತುಂಬಿಸಿಟ್ಟು ಬೇಕಾದಾಗ ಬಗ್ಗಿಸಿಕೊಳ್ಳುವ ಗಡಿಗೆ. ಓಣಿಯ ಹನ್ನೆರಡು ಮಗ್ಗ ಇಂದಿಗೂ ಅದರಿಂದಲೇ ಖಣ ನೇಯುತ್ತವೆ. ನೇಯುತ್ತಿದ್ದವು, ಎನ್ನಬೇಕು. ಕಳೆದ ಮಂಗಳವಾರ ಒಳಗೆ ನಾಲ್ಕು ತಂತಿ ಸುಟ್ಟುಹೋದವು.

ನಿಮ್ಮ ಕಾಲದ ಕತೆಗಳನ್ನು ಅಜ್ಜಿ ಹೇಳುತ್ತಿದ್ದಳು. ಯಾರು ಬೇಕಾದರೂ ನೋಡಲಿ, ತಿದ್ದಲಿ, ಪಕ್ಕದಲ್ಲಿ ತಮ್ಮ ಹೆಸರು ಬರೆಯಲಿ ಎಂದು ನೀವು ಪೆಟ್ಟಿಗೆಯ ಮುಚ್ಚಳದ ಒಳಮೈಗೇ ಮಸಿಯಲ್ಲಿ ತಂತಿ ಜೋಡಣೆಯ ನಕ್ಷೆ ಬರೆದಿದ್ದಿರಂತೆ. ಬಾದಾಮಿಯಿಂದ, ಇಳಕಲ್ಲಿನಿಂದ ಬಂದು ಕೇಳಿದವರಿಗೆಲ್ಲ ಒಂದು ಪ್ರತಿ, ಜೊತೆಗೊಂದು ಶೇಂಗಾ ಉಂಡಿ. ಭಾನುವಾರ ಮುಚ್ಚಳ ತೆಗೆದರೆ ಓಣಿಯೆಲ್ಲ ಸೇರಿ ಜಗಳ: “ಅದಲ್ಲಲೇ, ಈ ಕಡೀದು. ನಿನ್ನ ಬುದ್ಧಿಯಂಗ ಅದೂ ಸಡಿಲ ಆಗೇತಿ, ಬಿಗಿ ಮಾಡು.” ಬೈಗುಳದ ಜೊತೆಗೆ ವಿದ್ಯೆಯೂ ಕೈಯಿಂದ ಕೈಗೆ ದಾಟುತ್ತಿತ್ತು. ಆ ಜಗಳವನ್ನು ಒಮ್ಮೆಯಾದರೂ ಕೇಳಬೇಕಿತ್ತು ಎನಿಸುತ್ತದೆ.

ಆಮೇಲೆ ನಾವು ನಿಮ್ಮನ್ನು ಬಹಳ ಗೌರವಿಸಿಬಿಟ್ಟೆವು. ಯಾರೋ ಪುಣ್ಯಾತ್ಮರು ಆಯುಧ ಪೂಜೆಯ ದಿನ ನಕ್ಷೆಗೊಂದು ಕುಂಕುಮದ ಬೊಟ್ಟಿಟ್ಟರು. ಮರುವರ್ಷ ಅರಿಸಿನ, ವಿಭೂತಿ, ಎಣ್ಣೆ. ನೂರು ವರ್ಷದ ಭಕ್ತಿ ಈಗ ಬೆರಳು ದಪ್ಪ ಕೂತಿದೆ. ಚಿಕ್ಕವನಿದ್ದಾಗ ಏನು ಬರೆದಿದೆಯೆಂದು ಬಗ್ಗಿ ನೋಡಿದ್ದಕ್ಕೆ ಪಕ್ಕದ ಮನೆಯ ಸಂಗವ್ವತ್ತೆ ಬೆನ್ನಿಗೊಂದು ಕೊಟ್ಟಳು: “ಓದೂದೇನೈತಿ ಅದ್ರಾಗ? ಕೈ ಮುಗದು ಹಿಂದ ಸರಿ.” ಅಜ್ಜಿಗೆ ನಕ್ಷೆ ಬಾಯಿಪಾಠವಿತ್ತು, ಆದ್ದರಿಂದ ಬೇರೆ ಯಾರೂ ಓದಲಿಲ್ಲ. ಅಜ್ಜಿ ಹೋದಳು. ಮೊನ್ನೆ ಒದ್ದೆ ಬಟ್ಟೆಯಿಂದ ಒರೆಸಿದೆವು. ಕುಂಕುಮದ ಜೊತೆ ಗೆರೆಗಳೂ ಎದ್ದು ಬಂದವು. ನಿಮ್ಮಿಂದ ಪ್ರತಿ ಒಯ್ದಿದ್ದ ಬಾದಾಮಿ, ಇಳಕಲ್ಲಿನ ಓಣಿಗಳಲ್ಲೂ ವಿಚಾರಿಸಿದೆ. ಅಲ್ಲಿ ಭಕ್ತಿ ಇನ್ನೂ ಹೆಚ್ಚು. ಹೀಗೆ ಭಕ್ತಿ ಏರಿತು, ಶಕ್ತಿ ಇಳಿಯಿತು.

ಸೋಮವಾರ ಓಣಿಯ ಸಭೆ. ಅಷ್ಟರಲ್ಲಿ ನಕ್ಷೆ ಸಿಗದಿದ್ದರೆ ಹಗಲುಗಡಿಗೆಯನ್ನು ಗುಜರಿಗೆ ಹಾಕಿ, ಯಾವುದೋ ಕಂಪನಿಯ ಮೊಹರು ಹಾಕಿದ ಪೆಟ್ಟಿಗೆ ತರುವುದೆಂದು ಮಾತಾಗಿದೆ. ಅದನ್ನು ನಾವು ತೆರೆಯುವಂತಿಲ್ಲ. ಒಳಗೇನಿದೆ ಎಂದು ಕೇಳುವಂತೆಯೂ ಇಲ್ಲ. ಕೆಟ್ಟರೆ ಅವರು ಬರುವವರೆಗೆ ಮಗ್ಗದ ಮುಂದೆ ಕೈಕಟ್ಟಿ ಕೂರಬೇಕು. ಜಗಳವಾಡುವುದಕ್ಕೂ ಓಣಿಯಲ್ಲಿ ನಮ್ಮದೆಂಬುದು ಏನೂ ಉಳಿಯುವುದಿಲ್ಲ.

ಆದ್ದರಿಂದ ಆಯಿ, ಒಂದು ಕೋರಿಕೆ. ಪತ್ರ ಕೈಸೇರಿದ ದಿನವೇ ಅದೇ ನಕ್ಷೆಯನ್ನು ನಿಮ್ಮ ಮನೆಯಲ್ಲಿ, ಈಗ ನಾನಿರುವುದೂ ಅಲ್ಲೇ, ಇನ್ನೊಂದು ಕಡೆ ಕೆತ್ತಿಡಿ. ದೇವರ ಕೋಣೆಯ ಹತ್ತಿರ ಬೇಡ, ಹೊಸ್ತಿಲ ಮೇಲಂತೂ ಬೇಡವೇ ಬೇಡ. ಬಚ್ಚಲಿನ ಕಲ್ಲುಗೋಡೆಯ ಮೇಲೆ, ಉಳಿಯಿಂದ, ಆಳವಾಗಿ. ಅಲ್ಲಿಗೆ ನಮ್ಮವರು ಕುಂಕುಮ ತರುವುದಿಲ್ಲ. ಸುಣ್ಣ ಮಾತ್ರ ಬಳಿಯುತ್ತಾರೆ.

ನಾಳೆ ಬೆಳಿಗ್ಗೆ ಸುಣ್ಣ ಕೆರೆದು ನೋಡುತ್ತೇನೆ.

ನಿಮ್ಮ
ವೀರೇಶ